ಎಪ್ಪತ್ತು ವರ್ಷದ ಪಿಕಪ್ ಟ್ರಕ್ ಇಂದಿನ ಹೆದ್ದಾರಿಯಲ್ಲಿ ಓಡಬೇಕಾದರೆ ಏನೇನು ಬದಲಾಗಬೇಕು?

1950ರ ಷೆವರ್ಲೆ 3100 ಪಿಕಪ್ ಟ್ರಕ್ಕನ್ನು ಹೊರಡಿಸಲು ಕೀಲಿ ತಿರುಗಿಸಿದರಷ್ಟೇ ಸಾಲದು, ನೆಲದ ಮೇಲಿರುವ ಸ್ಟಾರ್ಟರ್ ಪೆಡಲನ್ನು ಕಾಲಿನಿಂದ ಒತ್ತಬೇಕು. ಮೊದಲ ಗೇರಿಗೆ ಸಿಂಕ್ರೊಮೆಶ್ (ಗೇರುಗಳ ವೇಗವನ್ನು ಹೊಂದಿಸಿ ಸೇರಿಸುವ ಏರ್ಪಾಡು) ಇಲ್ಲದ್ದರಿಂದ ಗಾಡಿ ಪೂರ್ತಿ ನಿಲ್ಲುವ ಮುನ್ನ ಆ ಗೇರು ಹಾಕಲು ಹೋದರೆ ಹಲ್ಲುಗಳು ಕರಕರನೆ ಉಜ್ಜಿಕೊಳ್ಳುತ್ತವೆ. ಮಳೆಯಲ್ಲಿ ದಿಬ್ಬ ಹತ್ತುವಾಗ, ಅಂದರೆ ಗಾಜು ಒರೆಸುವುದು ಅತ್ಯಗತ್ಯವಾದ ಹೊತ್ತಿನಲ್ಲಿಯೇ, ವೈಪರ್ ನಿಧಾನವಾಗುತ್ತದೆ. ಆ ವೈಪರ್ ವಿದ್ಯುತ್ತಿನಿಂದ ಓಡುವುದಿಲ್ಲ, ಎಂಜಿನ್ನಿನ ಒಳಸೆಳೆತದಿಂದ ಓಡುತ್ತದೆ. ಆಕ್ಸಿಲರೇಟರ್ ಒತ್ತಿದಷ್ಟೂ ಆ ಸೆಳೆತ ಕುಗ್ಗುತ್ತದೆ.

ಇಂಥ ಟ್ರಕ್ಕುಗಳು ಈಗ ಅಮೆರಿಕದ ರಸ್ತೆಗಳಲ್ಲಿ ಹೊಸ ಕಾರುಗಳ ನಡುವೆ ಸರಾಗವಾಗಿ ಓಡುತ್ತಿರುವುದನ್ನು ಅಲ್ಲಿ ನೆಲೆಸಿರುವ ಕನ್ನಡಿಗರು ನೋಡುತ್ತಿದ್ದಾರೆ, ಇಲ್ಲಿರುವವರು ಮೊಬೈಲಿನ ವಿಡಿಯೊಗಳಲ್ಲಿ ನೋಡುತ್ತಿದ್ದಾರೆ. ಹೊರಗಿನ ಮೈಕಟ್ಟು ಅಂದಿನದೇ ಇದ್ದರೂ ಒಳಗೆ ಏಸಿ ತಣ್ಣಗೆ ಬೀಸುತ್ತದೆ, ಬ್ರೇಕ್ ಒತ್ತಿದೊಡನೆ ಹಿಡಿಯುತ್ತದೆ, ಗಂಟೆಗೆ 110 ಕಿಲೋಮೀಟರ್ ವೇಗದಲ್ಲೂ ಮಾತು ಕೇಳಿಸುತ್ತದೆ. ಇದು ಹೇಗೆ ಸಾಧ್ಯವಾಗುತ್ತದೆ, ಯಾವ ಕೆಲಸ ಮೊದಲು, ಯಾವುದು ನಂತರ, ನಮ್ಮೂರಿನ ಹಳೆಯ ಜೀಪಿಗೂ ಹೀಗೆ ಮಾಡಬಹುದೇ ಎಂಬ ಪ್ರಶ್ನೆಗಳಿಗೆ ಇಲ್ಲಿ ಮೂಲದಿಂದ ಉತ್ತರಿಸಲಾಗಿದೆ.

ರೆಸ್ಟೊರೇಶನ್ ಮತ್ತು ರೆಸ್ಟೊಮಾಡ್

ಹಳೆಯ ವಾಹನವನ್ನು ಕಾರ್ಖಾನೆಯಿಂದ ಹೊರಬಂದ ದಿನ ಹೇಗಿತ್ತೋ ಹಾಗೆಯೇ ಮಾಡುವುದಕ್ಕೆ ರೆಸ್ಟೊರೇಶನ್ ಎನ್ನುತ್ತಾರೆ. ಅಲ್ಲಿ ಒಂದು ಬೋಲ್ಟಿನ ತಲೆಯ ಮೇಲಿನ ಗುರುತೂ ಅಂದಿನದೇ ಆಗಿರಬೇಕೆಂದು ಹಟ ಹಿಡಿಯುವವರಿದ್ದಾರೆ. ರೂಪ ಹಳೆಯದೇ ಉಳಿದು, ಓಟ, ನಿಲುಗಡೆ ಮತ್ತು ಸೌಕರ್ಯಗಳು ಇಂದಿನವಾದರೆ ಅದು ರೆಸ್ಟೊಮಾಡ್. ರೆಸ್ಟೊರೇಶನ್ ಮತ್ತು ಮಾಡಿಫಿಕೇಶನ್ ಎಂಬ ಎರಡು ಪದಗಳನ್ನು ಬೆಸೆದು ಹುಟ್ಟಿದ ಮಾತು ಅದು. ಅಮೆರಿಕದಲ್ಲಿ ಈ ಕೆಲಸಕ್ಕೆ ಹೆಚ್ಚಾಗಿ ಆರಿಸಿಕೊಳ್ಳುವ ಪಿಕಪ್‌ಗಳೆಂದರೆ 1947ರಿಂದ 1955ರ ಆರಂಭದವರೆಗೆ ತಯಾರಾದ ಷೆವರ್ಲೆ 3100, 1953ರಿಂದ 1956ರವರೆಗಿನ ಫೋರ್ಡ್ ಎಫ್-100 ಹಾಗೂ 1967ರಿಂದ 1972ರವರೆಗಿನ ಷೆವರ್ಲೆ ಸಿ-10. ಈ ಲೇಖನದಲ್ಲಿ ಮೊದಲನೆಯದನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳಲಾಗಿದೆ, ಏಕೆಂದರೆ ಅಂದಿಗೂ ಇಂದಿಗೂ ಇರುವ ಅಂತರ ಅದರಲ್ಲಿ ಅತ್ಯಂತ ಸ್ಪಷ್ಟವಾಗಿ ಕಾಣುತ್ತದೆ.

ಆ ಟ್ರಕ್ಕು ಯಾವ ಕೆಲಸಕ್ಕಾಗಿ ಹುಟ್ಟಿತ್ತು?

ಹೊಲದಿಂದ ಪೇಟೆಗೆ ಜೋಳದ ಮೂಟೆ, ಹುಲ್ಲಿನ ಕಟ್ಟು, ಬೇಲಿಯ ಕಂಬಗಳನ್ನು ಸಾಗಿಸುವುದೇ ಈ ಟ್ರಕ್ಕಿನ ಕೆಲಸವಾಗಿತ್ತು. ಅಮೆರಿಕದ ಇಂದಿನ ಅಂತರರಾಜ್ಯ ಹೆದ್ದಾರಿಗಳ ಜಾಲಕ್ಕೆ ಕಾನೂನಿನ ಒಪ್ಪಿಗೆ ದೊರೆತದ್ದೇ 1956ರಲ್ಲಿ, ಅಂದರೆ ಈ ಟ್ರಕ್ಕಿನ ತಯಾರಿಕೆ ನಿಂತ ಮೇಲೆ. ಸುಮಾರು 3.5 ಲೀಟರಿನ ಆರು ಸಿಲಿಂಡರ್ ಎಂಜಿನ್, ಸುಮಾರು 90 ಅಶ್ವಶಕ್ತಿ, ಮೂರು ಗೇರು, ನಾಲ್ಕೂ ಗಾಲಿಗಳಿಗೆ ಡ್ರಮ್ ಬ್ರೇಕ್, ಹಿಂದೆ ಮುಂದೆ ಲೀಫ್ ಸ್ಪ್ರಿಂಗ್, 6 ವೋಲ್ಟಿನ ಬ್ಯಾಟರಿ: ಇವೆಲ್ಲವೂ ಗಂಟೆಗೆ 70–75 ಕಿಲೋಮೀಟರ್ ಓಟಕ್ಕೆ ಒಂದಕ್ಕೊಂದು ಹೊಂದಿಸಿದ ಭಾಗಗಳು. ಆ ಮಿತಿಯೊಳಗೆ ಅದು ಬಹಳ ಒಳ್ಳೆಯ ಯಂತ್ರ ಎಂಬುದನ್ನು ಮೊದಲೇ ಹೇಳಬೇಕು.

ವೇಗ ಹೆಚ್ಚಾದಾಗ ತೊಂದರೆ ಆರಂಭವಾಗುತ್ತದೆ. ಓಡುವ ವಾಹನದ ಶಕ್ತಿ ಅದರ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ, 70 ಕಿಲೋಮೀಟರ್ ವೇಗದಲ್ಲಿರುವ ಟ್ರಕ್ಕನ್ನು ನಿಲ್ಲಿಸಲು ಬ್ರೇಕ್ ಎಷ್ಟು ಶಾಖವನ್ನು ತಾಳಿಕೊಳ್ಳಬೇಕೋ, 110 ಕಿಲೋಮೀಟರ್ ವೇಗದಲ್ಲಿ ಅದರ ಸುಮಾರು ಎರಡೂವರೆ ಪಟ್ಟು ತಾಳಿಕೊಳ್ಳಬೇಕಾಗುತ್ತದೆ. ಹೀಗಿರುವಾಗ ಹಳೆಯ ಬ್ರೇಕ್ ಇರುವ ಗಾಡಿಗೆ ಮೊದಲು ಬಲವಾದ ಎಂಜಿನ್ ಕೂರಿಸುವುದು ಅಪಾಯವನ್ನು ತಾವಾಗಿಯೇ ತಂದುಕೊಂಡಂತೆ. ಅನುಭವಸ್ಥರು ಕೆಲಸವನ್ನು ನಿಲುಗಡೆಯಿಂದ ಆರಂಭಿಸಿ, ಹಿಡಿತಕ್ಕೆ ಬಂದು, ಎಂಜಿನ್ನನ್ನು ಕೊನೆಯಲ್ಲಿ ಮುಟ್ಟುತ್ತಾರೆ. ಹಣ ನಡುವೆ ಮುಗಿದುಹೋದರೂ ಇದೇ ಕ್ರಮ ಸರಿ. ಬ್ರೇಕ್ ಮಾತ್ರ ಸುಧಾರಿಸಿದ ಹಳೆಯ ಟ್ರಕ್ಕನ್ನು ನೆಮ್ಮದಿಯಿಂದ ಓಡಿಸಬಹುದು.

ಬ್ರೇಕ್: ಡ್ರಮ್ಮಿನಿಂದ ಡಿಸ್ಕಿಗೆ

ಡ್ರಮ್ ಬ್ರೇಕಿನಲ್ಲಿ ಗಾಲಿಯೊಂದಿಗೆ ತಿರುಗುವ ಕಬ್ಬಿಣದ ಡಬರಿಯಂಥ ಭಾಗದ ಒಳಮೈಗೆ ಎರಡು ಶೂಗಳು ಹೊರಮುಖವಾಗಿ ಒತ್ತುತ್ತವೆ. ಘಟ್ಟ ಇಳಿಯುವಾಗ ಮತ್ತೆ ಮತ್ತೆ ಬ್ರೇಕ್ ಹಿಡಿದರೆ ಒಲೆಯ ಮೇಲಿಟ್ಟ ಕಾವಲಿಯಂತೆ ಡ್ರಮ್ ಕಾದು ಹಿಗ್ಗಿ ಶೂಗಳಿಂದ ದೂರ ಸರಿಯುತ್ತದೆ, ಪೆಡಲ್ ಇನ್ನಷ್ಟು ಕೆಳಗೆ ಹೋಗುತ್ತದೆ, ಶೂಗಳ ಲೈನಿಂಗ್ ಕೂಡ ಕಾದು ಹಿಡಿತ ಕಳೆದುಕೊಳ್ಳುತ್ತದೆ. ಒಳಗಿನ ಶಾಖ ಹೊರಗೆ ಹೋಗಲು ದಾರಿಯೂ ಕಡಿಮೆ. ಡಿಸ್ಕ್ ಬ್ರೇಕನ್ನು ಅರಿಯಲು ಸೈಕಲ್ಲನ್ನು ನೆನೆದರೆ ಸಾಕು: ರಿಮ್ಮನ್ನು ಎರಡು ಕಡೆಯಿಂದ ರಬ್ಬರ್ ತುಂಡುಗಳು ಹಿಡಿಯುವ ಹಾಗೆ, ಗಾಳಿಗೆ ತೆರೆದುಕೊಂಡ ತಟ್ಟೆಯನ್ನು ಎರಡು ಪ್ಯಾಡುಗಳು ಅಮುಕುತ್ತವೆ. ತಟ್ಟೆ ಕಾದು ಹಿಗ್ಗಿದರೂ ಪ್ಯಾಡಿನಿಂದ ದೂರ ಹೋಗುವುದಿಲ್ಲ, ಬೇಗ ಆರುತ್ತದೆ, ನೀರು ಬಿದ್ದರೆ ಕೊಡವಿಕೊಳ್ಳುತ್ತದೆ. ಷೆವರ್ಲೆ ಕಂಪನಿಯೇ ತನ್ನ ಅರ್ಧ ಟನ್ನಿನ ಪಿಕಪ್‌ಗಳಿಗೆ ಮುಂದಿನ ಡಿಸ್ಕ್ ಬ್ರೇಕನ್ನು ಸಾಮಾನ್ಯ ಸಲಕರಣೆಯಾಗಿ ಕೊಟ್ಟದ್ದು 1971ರ ಮಾದರಿಯಲ್ಲಿ.

ಇದಕ್ಕಿಂತಲೂ ಮುಖ್ಯವಾದುದು ಮಾಸ್ಟರ್ ಸಿಲಿಂಡರ್. ಪೆಡಲಿನ ಒತ್ತಡವನ್ನು ಬ್ರೇಕ್ ಆಯಿಲ್ ಮೂಲಕ ಗಾಲಿಗಳಿಗೆ ದಾಟಿಸುವ ಭಾಗ ಅದು. ಹಳೆಯ ಟ್ರಕ್ಕಿನಲ್ಲಿ ನಾಲ್ಕೂ ಗಾಲಿಗಳಿಗೆ ಒಂದೇ ಕೋಣೆ ಇರುವುದರಿಂದ ಎಲ್ಲಿಯಾದರೂ ಒಂದು ಪೈಪು ಸೋರಿದರೆ ನಾಲ್ಕೂ ಬ್ರೇಕ್ ಒಟ್ಟಿಗೆ ಹೋಗುತ್ತವೆ. 1967ರ ಮಾದರಿಗಳಿಂದ ಬಂದ ಎರಡು ಕೋಣೆಗಳ ಸಿಲಿಂಡರಿನಲ್ಲಿ ಮುಂದಿನದು ಹೋದರೂ ಹಿಂದಿನದು ಉಳಿಯುತ್ತದೆ. ಕೈಯಲ್ಲಿರುವ ಹಣದಲ್ಲಿ ಒಂದೇ ಒಂದು ಬದಲಾವಣೆ ಸಾಧ್ಯವಿದ್ದರೆ ಅದು ಇದೇ ಆಗಬೇಕು.

ಇಲ್ಲೊಂದು ಸೂಕ್ಷ್ಮವಿದೆ, ಹಲವರು ಇಲ್ಲಿಯೇ ಎಡವುತ್ತಾರೆ. 3100ರ ಮಾಸ್ಟರ್ ಸಿಲಿಂಡರ್ ಬಾನೆಟ್ಟಿನೊಳಗಿಲ್ಲ, ಚಾಲಕನ ಕಾಲ ಕೆಳಗೆ, ಚಾಸಿಗೆ ಅಂಟಿಕೊಂಡಿದೆ. ಆಯಿಲ್ ತುಂಬಲು ನೆಲದ ಮ್ಯಾಟ್ ಎತ್ತಿ ಒಂದು ಮುಚ್ಚಳ ತೆಗೆಯಬೇಕು. ಡಿಸ್ಕಿನ ಕ್ಯಾಲಿಪರ್, ಅಂದರೆ ಪ್ಯಾಡುಗಳನ್ನು ಹಿಡಿದು ಅಮುಕುವ ಭಾಗ, ಅದಕ್ಕಿಂತ ಎತ್ತರದಲ್ಲಿ ಕುಳಿತಾಗ, ಟ್ರಕ್ ನಿಂತಿರುವ ಹೊತ್ತಿನಲ್ಲಿ ಆಯಿಲ್ ನಿಧಾನವಾಗಿ ಹಿಂದಕ್ಕೆ ಇಳಿದುಹೋಗಿ, ಬೆಳಗ್ಗೆ ಮೊದಲ ಸಲ ಪೆಡಲ್ ಒತ್ತಿದಾಗ ಅದು ನೆಲ ಮುಟ್ಟಿಬಿಡುತ್ತದೆ. ಇದನ್ನು ತಡೆಯಲು ಡಿಸ್ಕಿನ ಮತ್ತು ಡ್ರಮ್ಮಿನ ಪೈಪುಗಳಿಗೆ ಬೆರಳುದ್ದದ ಒಂದೊಂದು ಕವಾಟವನ್ನು ಜೋಡಿಸುತ್ತಾರೆ. ಅವು ಡಿಸ್ಕಿನ ಕಡೆ 2 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್ ಎಂಬ ಒತ್ತಡದ ಅಳತೆ), ಡ್ರಮ್ಮಿನ ಕಡೆ 10 ಪಿಎಸ್‌ಐ ಒತ್ತಡವನ್ನು ಸದಾ ಹಿಡಿದಿಡುತ್ತವೆ. ಎರಡನ್ನೂ ಅದಲುಬದಲು ಮಾಡಿದರೆ ಡಿಸ್ಕಿನ ಪ್ಯಾಡ್ ಬಿಡದೆ ಉಜ್ಜುತ್ತಲೇ ಇದ್ದು ಸುಟ್ಟುಹೋಗುತ್ತದೆ.

ಮುಂದಿನ ಆ್ಯಕ್ಸಲ್ ಮತ್ತು ಸ್ಟೀರಿಂಗ್

ಹಳೆಯ ಟ್ರಕ್ಕಿನ ಮುಂದಿನ ಎರಡು ಗಾಲಿಗಳನ್ನು ಒಂದೇ ಉಕ್ಕಿನ ತೊಲೆ ಜೋಡಿಸಿರುತ್ತದೆ. ಎತ್ತಿನ ಗಾಡಿಯ ಒಂದು ಚಕ್ರ ಕಲ್ಲು ಹತ್ತಿದಾಗ ಇಡೀ ಅಚ್ಚು ಓರೆಯಾಗಿ ಇನ್ನೊಂದು ಚಕ್ರವೂ ವಾಲುವಂತೆಯೇ ಇಲ್ಲಿಯೂ ಆಗುತ್ತದೆ, ಮತ್ತು ಆ ವಾಲಾಟ ಸ್ಟೀರಿಂಗ್ ಮೂಲಕ ಕೈಗೆ ಬರುತ್ತದೆ. ಭಾರ ಹೊರಲೆಂದೇ ಗಟ್ಟಿಯಾಗಿ ಮಾಡಿದ ಲೀಫ್ ಸ್ಪ್ರಿಂಗುಗಳು ಖಾಲಿ ಟ್ರಕ್ಕನ್ನು ಕುಪ್ಪಳಿಸುವಂತೆ ಮಾಡುತ್ತವೆ.

ಎರಡು ಗಾಲಿಗಳೂ ಬೇರೆಬೇರೆಯಾಗಿ ಏರಿಳಿಯುವ ಸಸ್ಪೆನ್ಷನ್ನಿಗೆ ಅಮೆರಿಕದ ಗ್ಯಾರೇಜುಗಳಲ್ಲಿ ಒಂದೇ ಹೆಸರು ರೂಢಿಗೆ ಬಂದಿದೆ: ಮಸ್ಟಾಂಗ್ ಟು. 1974ರಿಂದ 1978ರವರೆಗೆ ಮಾರಾಟವಾದ ಆ ಸಣ್ಣ ಫೋರ್ಡ್ ಕಾರಿನ ಮುಂಭಾಗ ಕಡಿಮೆ ಜಾಗದಲ್ಲಿ ಕೂರುತ್ತಿತ್ತು, ಕಾಯಿಲ್ ಸ್ಪ್ರಿಂಗ್ ಇತ್ತು, ಸ್ಟೀರಿಂಗ್ ರ್‍ಯಾಕ್ ಮತ್ತು ಪಿನಿಯನ್ ಬಗೆಯದಾಗಿತ್ತು. ಕಾರು ಮರೆಯಾದರೂ ಅದರ ವಿನ್ಯಾಸವನ್ನು ಅನುಸರಿಸಿ, ಟ್ರಕ್ಕಿನ ಭಾರಕ್ಕೆ ತಕ್ಕಂತೆ ದಪ್ಪಗೊಳಿಸಿದ ಕಿಟ್‌ಗಳನ್ನು ಹಲವು ಕಂಪನಿಗಳು ಇಂದಿಗೂ ತಯಾರಿಸುತ್ತಿವೆ. ಫೋರ್ಡ್ ಎಫ್-100 ಇರುವವರು 2003ರ ನಂತರದ ಕ್ರೌನ್ ವಿಕ್ಟೋರಿಯಾ ಕಾರಿನ, ಅಂದರೆ ಅಮೆರಿಕದ ಪೊಲೀಸರು ಬಳಸಿ ಬಿಟ್ಟ ಕಾರಿನ, ಇಡೀ ಮುಂಭಾಗವನ್ನೇ ಗುಜರಿಯಿಂದ ತಂದು ಕೂರಿಸುವುದೂ ಉಂಟು.

ಗಾಲಿ ನೇರ ಓಡುವ ಗುಣಕ್ಕೆ ಕ್ಯಾಸ್ಟರ್ ಎಂಬ ಕೋನ ಕಾರಣ. ಸೈಕಲ್ಲಿನ ಮುಂದಿನ ಫೋರ್ಕ್ ಕೊಂಚ ಹಿಂದಕ್ಕೆ ಒರಗಿರುವುದರಿಂದಲೇ ಹ್ಯಾಂಡಲ್ ಬಿಟ್ಟರೂ ಅದು ನೆಟ್ಟಗೆ ಹೋಗುವುದಕ್ಕೆ ನೆರವಾಗುತ್ತದೆ. ಈ ಒರಗುವಿಕೆ ಹೆಚ್ಚಾದಷ್ಟೂ ಸ್ಟೀರಿಂಗ್ ಭಾರವಾಗುತ್ತದೆ. ಪವರ್ ಸ್ಟೀರಿಂಗ್ ಇಲ್ಲದ ಕಾಲದಲ್ಲಿ ಅದನ್ನು ಕಡಿಮೆ ಇಡಬೇಕಾಗಿತ್ತು. ಪವರ್ ಬಂದ ಮೇಲೆ ಹೆಚ್ಚಿಸಬಹುದು, ಹೆದ್ದಾರಿಯಲ್ಲಿ ಟ್ರಕ್ಕು ಅತ್ತಿತ್ತ ಅಲೆಯುವುದು ನಿಲ್ಲುತ್ತದೆ.

ಈ ಎಲ್ಲ ಬಲವನ್ನು ಹೊರುವುದು ಏಣಿಯಾಕಾರದ ಚಾಸಿ. ಹಳೆಯ ಚಾಸಿಯ ಉದ್ದ ತೊಲೆಗಳು ಮೂರು ಬದಿ ಮುಚ್ಚಿ ಒಂದು ಬದಿ ತೆರೆದಿರುವ ಆಕಾರದವು. ಮುಚ್ಚಳವಿಲ್ಲದ ರಟ್ಟಿನ ಡಬ್ಬಿಯನ್ನು ಎರಡೂ ತುದಿ ಹಿಡಿದು ತಿರುಚಿದರೆ ಸುಲಭವಾಗಿ ತಿರುಚಿಕೊಳ್ಳುತ್ತದೆ, ಮುಚ್ಚಳ ಅಂಟಿಸಿದರೆ ಗಟ್ಟಿಯಾಗುತ್ತದೆ. ಅದೇ ರೀತಿ ತೆರೆದ ಬದಿಗೆ ಉಕ್ಕಿನ ತಗಡನ್ನು ವೆಲ್ಡ್ ಮಾಡಿ ತೊಲೆಯನ್ನು ಪೆಟ್ಟಿಗೆಯಾಗಿಸುತ್ತಾರೆ. ಹೆಚ್ಚು ಹಣವಿರುವವರು ಹೊಸದಾಗಿ ತಯಾರಿಸಿದ ಇಡೀ ಚಾಸಿಯನ್ನೇ ಕೊಂಡು ಹಳೆಯ ಕ್ಯಾಬನ್ನು ಅದರ ಮೇಲೆ ಇಳಿಸುತ್ತಾರೆ. ವೆಲ್ಡಿಂಗ್ ಇಲ್ಲಿ ಪ್ರಾಣದ ವಿಷಯವಾದ್ದರಿಂದ ಕಲಿಯುವ ಕೈಗೆ ಈ ಕೆಲಸ ಒಪ್ಪಿಸಬಾರದು.

ಎಂಜಿನ್: ಒಂದು ಬದಲಾದರೆ ಏಳು ಬದಲಾಗುತ್ತವೆ

3100ರ ಮೂಲ ಎಂಜಿನ್ನಿನಲ್ಲಿ ಪಿಸ್ಟನ್ನುಗಳನ್ನು ತಿರುಗುವ ಶಾಫ್ಟಿಗೆ ಜೋಡಿಸುವ ಕನೆಕ್ಟಿಂಗ್ ರಾಡುಗಳ ಬೇರಿಂಗಿಗೆ ಆಯಿಲ್ ಒತ್ತಡದಿಂದ ಹೋಗುವುದಿಲ್ಲ. ಪ್ರತಿ ರಾಡಿನ ಕೆಳಗೆ ಒಂದು ಸಣ್ಣ ಸೌಟಿನಂಥ ಚಾಚು ಇದ್ದು, ಅದು ತೊಟ್ಟಿಯಲ್ಲಿರುವ ಆಯಿಲನ್ನು ಮೊಗೆದುಕೊಳ್ಳುತ್ತದೆ. ನಿಧಾನ ಓಟಕ್ಕೆ ಇದು ಸಾಕು, ಗಂಟೆಗಟ್ಟಲೆ ವೇಗವಾಗಿ ತಿರುಗಿಸಿದರೆ ಬೇರಿಂಗಿನ ಮೆದು ಲೋಹ ಕರಗುವ ಭಯವಿದೆ.

ಗೇರಿನ ಲೆಕ್ಕ ನೋಡಿದರೆ ಈ ಭಯ ಏಕೆಂದು ತಿಳಿಯುತ್ತದೆ. 28 ಇಂಚು ವ್ಯಾಸದ ಟೈರು ಒಂದು ಮೈಲಿಗೆ ಸುಮಾರು 720 ಸುತ್ತು ಹಾಕುತ್ತದೆ. ಹಿಂದಿನ ಆ್ಯಕ್ಸಲ್ಲಿನ ಗೇರ್ ಅನುಪಾತ 4.11 ಆಗಿರುವುದರಿಂದ, ನಿಮಿಷಕ್ಕೆ ಒಂದು ಮೈಲಿಯಂತೆ, ಅಂದರೆ ಗಂಟೆಗೆ 96 ಕಿಲೋಮೀಟರ್ ಹೋಗುವಾಗ ಎಂಜಿನ್ ಸುಮಾರು 2,960 ಸುತ್ತು ತಿರುಗಬೇಕು. ಆ ಎಂಜಿನ್ ತನ್ನ ಪೂರ್ಣ ಶಕ್ತಿ ಕೊಡುವುದೇ ಸುಮಾರು 3,300 ಸುತ್ತಿನಲ್ಲಿ. ಅಂದರೆ ಅದು ಏದುಸಿರು ಬಿಡುತ್ತಲೇ ಓಡುತ್ತಿರುತ್ತದೆ. ಓವರ್‌ಡ್ರೈವ್ ಇರುವ ಗೇರ್‌ಬಾಕ್ಸಿನಲ್ಲಿ ಕೊನೆಯ ಗೇರಿನ ಅನುಪಾತ 0.70 ಇದ್ದು, ಹಿಂದಿನ ಆ್ಯಕ್ಸಲ್ಲಿನ ಅನುಪಾತ 3.73 ಆದರೆ ಅದೇ ವೇಗಕ್ಕೆ ಸುಮಾರು 1,880 ಸುತ್ತು ಸಾಕು. ಗೇರಿರುವ ಸೈಕಲ್ಲಿನಲ್ಲಿ ಸಮತಟ್ಟಾದ ರಸ್ತೆಗೆ ಬಂದಾಗ ದೊಡ್ಡ ಗೇರಿಗೆ ಬದಲಿಸಿ ನಿಧಾನವಾಗಿ ಪೆಡಲ್ ತುಳಿದಂತೆ. ಸದ್ದು, ಅದುರುವಿಕೆ, ಪೆಟ್ರೋಲ್ ಖರ್ಚು, ಸವೆತ ಎಲ್ಲವೂ ಒಂದೇ ಏಟಿಗೆ ಇಳಿಯುತ್ತವೆ. ಹೆದ್ದಾರಿಯ ನೆಮ್ಮದಿ ಎಂಜಿನ್ನಿಗಿಂತ ಗೇರ್‌ಬಾಕ್ಸಿನಿಂದಲೇ ಹೆಚ್ಚು ಬರುತ್ತದೆ ಎಂಬುದು ನನ್ನ ದೃಢ ಅಭಿಪ್ರಾಯ.

ಹೊಸ ಎಂಜಿನ್ ಬೇಕೆನ್ನುವವರು ಬಹುಪಾಲು ಜನರಲ್ ಮೋಟರ್ಸಿನ ಎಲ್‌ಎಸ್ ಕುಟುಂಬದತ್ತ ತಿರುಗುತ್ತಾರೆ. 1997ರ ಮಾದರಿಯ ಕಾರ್ವೆಟ್ ಕಾರಿನಲ್ಲಿ 5.7 ಲೀಟರಿನ ರೂಪದಲ್ಲಿ ಮೊದಲು ಬಂದ ಈ ವಿ-8 ಎಂಜಿನ್, 1999ರಿಂದ ಸಿಲ್ವರಾಡೊ ಪಿಕಪ್‌ಗಳಲ್ಲಿ 5.3 ಲೀಟರಿನ ರೂಪದಲ್ಲಿ ಬಂದಿತು. ಅಪಘಾತವಾಗಿ ಗುಜರಿ ಸೇರಿದ ಪಿಕಪ್‌ಗಳಿಂದ ಇದು ಹೇರಳವಾಗಿ ಸಿಗುತ್ತದೆ, 270 ಅಥವಾ ಅದಕ್ಕೂ ಹೆಚ್ಚು ಅಶ್ವಶಕ್ತಿ ಕೊಡುತ್ತದೆ, ಅಂದರೆ ಮೂಲದ ಮೂರು ಪಟ್ಟು. ಇದು ಇಂಧನವನ್ನು ಗಾಳಿಗೆ ಪೆಟ್ರೋಲ್ ಬೆರೆಸುವ ಹಳೆಯ ಬಗೆಯ ಕಾರ್ಬ್ಯುರೇಟರ್ ಮೂಲಕ ಪಡೆಯುವುದಿಲ್ಲ. ಕಾರ್ಬ್ಯುರೇಟರ್ ಕಣ್ಣಳತೆಯಲ್ಲಿ ಉಪ್ಪು ಹಾಕುವ ಅಡುಗೆಯವರಂತೆ. ಹವೆ ತಣ್ಣಗಿದ್ದರೆ, ಊರು ಎತ್ತರದಲ್ಲಿದ್ದರೆ ಹದ ತಪ್ಪುತ್ತದೆ. ಕಂಪ್ಯೂಟರ್ ನಿಯಂತ್ರಿತ ಇಂಜೆಕ್ಷನ್ ಒಳಬರುವ ಗಾಳಿಯನ್ನು ಕ್ಷಣಕ್ಷಣವೂ ಅಳೆದು ಅದಕ್ಕೆ ತಕ್ಕಷ್ಟೇ ಪೆಟ್ರೋಲ್ ಚಿಮ್ಮಿಸುತ್ತದೆ.

ಈ ಎಂಜಿನ್ ಒಂದನ್ನು ಕೂರಿಸಿದ ಕೂಡಲೇ ಉಳಿದ ಭಾಗಗಳು ಸಾಲುಗಟ್ಟಿ ಬರುತ್ತವೆ. ಕಾರ್ಬ್ಯುರೇಟರಿಗೆ 4–5 ಪಿಎಸ್‌ಐ ಒತ್ತಡದ ಪೆಟ್ರೋಲ್ ಸಾಕಾಗುತ್ತಿತ್ತು, ಎಲ್‌ಎಸ್‌ಗೆ 58 ಪಿಎಸ್‌ಐ ಬೇಕು. ಹೀಗಾಗಿ ಪಂಪು, ಪೈಪು, ಟ್ಯಾಂಕು ಮೂರೂ ಹೊಸವಾಗಬೇಕು. ಹಳೆಯ ಟ್ಯಾಂಕ್ ಇರುವುದು ಕ್ಯಾಬಿನೊಳಗೆ, ಸೀಟಿನ ಬೆನ್ನ ಹಿಂದೆ, ಎಂಬುದನ್ನು ಕೇಳಿದರೆ ಅದನ್ನು ಹೊರಗೆ, ಸಾಮಾನು ಹೊರುವ ತೊಟ್ಟಿಯ ಕೆಳಗೆ ಚಾಸಿಯ ನಡುವೆ ಸಾಗಿಸಲು ಬೇರೆ ಕಾರಣ ಬೇಕಾಗುವುದಿಲ್ಲ. ರೇಡಿಯೇಟರ್ ದೊಡ್ಡದಾಗಬೇಕು. ಎಂಜಿನ್ನಿನ ಶಕ್ತಿಯನ್ನು ಹಿಂದಿನ ಗಾಲಿಗಳಿಗೆ ಒಯ್ಯುವ ಮೂಲ ಟ್ರಕ್ಕಿನ ಪ್ರೊಪೆಲ್ಲರ್ ಶಾಫ್ಟ್ ಒಂದು ಕೊಳವೆಯೊಳಗೆ ಮುಚ್ಚಿಕೊಂಡು ಗೇರ್‌ಬಾಕ್ಸಿಗೆ ನೇರ ಬಿಗಿದಿರುವುದರಿಂದ ಹೊಸ ಗೇರ್‌ಬಾಕ್ಸಿಗೆ ಅದು ಸೇರುವುದೇ ಇಲ್ಲ. ಹಾಗಾಗಿ ಶಾಫ್ಟಿನೊಂದಿಗೆ ಹಿಂದಿನ ಆ್ಯಕ್ಸಲ್ಲೂ ಬದಲಾಗುತ್ತದೆ. ಆ್ಯಕ್ಸಲ್ ಬದಲಾದಾಗ ಗಾಲಿಯ ಬೋಲ್ಟುಗಳ ಸಂಖ್ಯೆ ಆರರಿಂದ ಐದಕ್ಕೆ ಇಳಿದರೆ, ಮುಂದಿನ ಕಿಟ್ಟನ್ನೂ ಅದೇ ಅಳತೆಗೆ ತರಿಸದಿದ್ದಲ್ಲಿ ಹಿಂದೆ ಮುಂದೆ ಎರಡು ಬಗೆಯ ಸ್ಟೆಪ್ನಿ ಇಟ್ಟುಕೊಳ್ಳಬೇಕಾಗುತ್ತದೆ. ಇಷ್ಟನ್ನೂ ಕಾಗದದ ಮೇಲೆ ಬರೆದು ಹೊಂದಿಸಿದ ಮೇಲೆಯೇ ಮೊದಲ ಭಾಗವನ್ನು ಕೊಳ್ಳುವುದು ಸರಿಯಾದ ಕ್ರಮ. ಅರ್ಧಕ್ಕೆ ನಿಂತು ಷೆಡ್ಡಿನಲ್ಲಿ ಧೂಳು ಹಿಡಿಯುವ ಟ್ರಕ್ಕುಗಳಲ್ಲಿ ಹೆಚ್ಚಿನವು ಈ ಸಾಲನ್ನು ಮುಂದಾಗಿ ಕಾಣದೆ ಹೋದವು.

ವೈರಿಂಗ್

ಒಂದೇ ಬೆಳಕು ಕೊಡಲು 6 ವೋಲ್ಟಿನಲ್ಲಿ ಎರಡು ಪಟ್ಟು ಕರೆಂಟ್ ಹರಿಯಬೇಕು. 45 ವ್ಯಾಟಿನ ಹೆಡ್‌ಲೈಟ್ 6 ವೋಲ್ಟಿನಲ್ಲಿ 7.5 ಆಂಪಿಯರ್ ಎಳೆದರೆ 12 ವೋಲ್ಟಿನಲ್ಲಿ 3.75 ಸಾಕು, ವೈರಿನಲ್ಲಿ ಶಾಖವಾಗಿ ಹಾಳಾಗುವ ಶಕ್ತಿ ನಾಲ್ಕನೇ ಒಂದಕ್ಕೆ ಇಳಿಯುತ್ತದೆ. ಡೈನಮೋ ಹೋಗಿ ಆಲ್ಟರ್ನೇಟರ್ ಬಂದರೆ ಸಿಗ್ನಲ್ಲಿನಲ್ಲಿ ನಿಂತಾಗಲೂ ಬ್ಯಾಟರಿ ಚಾರ್ಜ್ ಆಗುತ್ತದೆ. ಬಟ್ಟೆ ಸುತ್ತಿದ ಹಳೆಯ ವೈರುಗಳನ್ನು ತೇಪೆ ಹಾಕದೆ ಪೂರ್ತಿ ತೆಗೆದು, ಪ್ರತಿ ಸಾಲಿಗೂ ಪ್ರತ್ಯೇಕ ಫ್ಯೂಸ್ ಇರುವ ಹೊಸ ವೈರಿಂಗ್ ಹಾಕಬೇಕು. ಮೇಲೆ ಹೇಳಿದ ವೈಪರಿಗೆ ಮೋಟರ್ ಸಿಗುವುದೂ ಆಗಲೇ.

ಕ್ಯಾಬಿನೊಳಗಿನ ನೆಮ್ಮದಿ

ಬಾಗಿಲಿನ ತಗಡನ್ನು ಬೆರಳಿನಿಂದ ತಟ್ಟಿದರೆ ಡಬ್ಬದಂತೆ ಸದ್ದಾಗುತ್ತದೆ. ಒಂದು ಬದಿಗೆ ಅಲ್ಯೂಮಿನಿಯಂ ಇರುವ ಬ್ಯೂಟೈಲ್ ರಬ್ಬರಿನ ಹಾಳೆಯನ್ನು ಒಳಮೈಗೆ ಅಂಟಿಸಿ ಮತ್ತೆ ತಟ್ಟಿದರೆ ಮರವನ್ನು ತಟ್ಟಿದಂತೆ ಕೇಳುತ್ತದೆ. ಮೃದಂಗದ ಚರ್ಮದ ಮೇಲೆ ಅಂಗೈ ಇಟ್ಟಾಗ ನಾದ ನಿಲ್ಲುವ ಹಾಗೆ. ಅದರ ಮೇಲೊಂದು ಫೋಮ್ ಪದರ ಬಂದರೆ ಎಂಜಿನ್ ಶಾಖವೂ ತಡೆಯುತ್ತದೆ. ಹಾಳೆ ಅಂಟಿಸುವಾಗ ಬಾಗಿಲಿನ ತಳದಲ್ಲಿ ನೀರು ಹರಿಯುವ ರಂಧ್ರಗಳನ್ನು ಮುಚ್ಚಬಾರದು, ಮುಚ್ಚಿದರೆ ಕೆಲವೇ ಮಳೆಗಾಲದಲ್ಲಿ ತುಕ್ಕು ಹೊರಗೆ ಬರುತ್ತದೆ. ಹಳೆಯ ಕ್ಯಾಬುಗಳಿಗೆಂದೇ ಏಸಿ ತಯಾರಿಸುವ ಟೆಕ್ಸಾಸಿನ ವಿಂಟೇಜ್ ಏರ್‌ನಂಥ ಕಂಪನಿಗಳು 1970ರ ದಶಕದಿಂದಲೂ ಇವೆ.

ಸೀಟ್ ಬೆಲ್ಟ್ ವಿಷಯದಲ್ಲಿ ಎಚ್ಚರ ಬೇಕು. ಮೂರು ಬಿಂದುಗಳ ಬೆಲ್ಟನ್ನು ವೋಲ್ವೊ ಕಂಪನಿ ಪರಿಚಯಿಸಿದ್ದೇ 1959ರಲ್ಲಿ. ಅದಕ್ಕೂ ಮುಂಚಿನ ಈ ಕ್ಯಾಬಿನಲ್ಲಿ ಬೆಲ್ಟ್ ಬಿಗಿಯುವ ಜಾಗವೇ ಇಲ್ಲ. ತೆಳು ತಗಡಿಗೆ ಬೋಲ್ಟ್ ಹಾಕಿದರೆ ಅಪಘಾತದಲ್ಲಿ ಅದು ತಗಡನ್ನು ಹರಿದುಕೊಂಡು ಬರುತ್ತದೆ, ಆದ್ದರಿಂದ ಹಿಂಬದಿಯಲ್ಲಿ ದಪ್ಪ ಉಕ್ಕಿನ ಫಲಕ ಕೂರಿಸಿ ಬಿಗಿಯಬೇಕು. ಹಳೆಯ ಸ್ಟೀರಿಂಗ್ ಕಂಬ ಚಾಲಕನ ಎದೆಗೆ ಗುರಿ ಇಟ್ಟ ಒಂದೇ ಉಕ್ಕಿನ ಸರಳು; ಒತ್ತಿದರೆ ಒಳಸರಿಯುವ ಕಂಬವನ್ನು ಅದರ ಬದಲು ಹಾಕಬಹುದು. ಇಷ್ಟಾದರೂ ಏರ್‌ಬ್ಯಾಗ್ ಮತ್ತು ಡಿಕ್ಕಿಯ ಹೊಡೆತವನ್ನು ಹೀರಿ ನಜ್ಜುಗುಜ್ಜಾಗುವ ಮುಂಭಾಗ ಈ ಟ್ರಕ್ಕಿಗೆ ಬರುವುದಿಲ್ಲ ಎಂಬ ಅರಿವಿನಿಂದಲೇ ಓಡಿಸಬೇಕು.

ವಿದ್ಯುತ್ ಮೋಟರ್ ಹಾಕಬಹುದೇ?

ಹಾಕಬಹುದು, ದೊಡ್ಡ ಕಂಪನಿಗಳೇ ಮಾಡಿ ತೋರಿಸಿವೆ. 2019ರಲ್ಲಿ ಷೆವರ್ಲೆ 1962ರ ಸಿ-10 ಪಿಕಪ್ಪಿಗೆ ಎರಡು ವಿದ್ಯುತ್ ಮೋಟರ್ ಕೂರಿಸಿತು. 2021ರಲ್ಲಿ ಫೋರ್ಡ್ 1978ರ ಎಫ್-100ಗೆ ತನ್ನ ಮಸ್ಟಾಂಗ್ ಮಾಕ್-ಇ ಕಾರಿನ ಎರಡು ಮೋಟರ್ ಹಾಕಿ 480 ಅಶ್ವಶಕ್ತಿ ಪಡೆಯಿತು. ಎರಡೂ ಲಾಸ್ ವೇಗಸ್ಸಿನ ಸೀಮಾ ಎಂಬ ವಾಹನ ಬಿಡಿಭಾಗಗಳ ಪ್ರದರ್ಶನಕ್ಕಾಗಿ ತಯಾರಾದವು. ಬ್ಯಾಟರಿಯ ಭಾರ ಮತ್ತು ಅದಕ್ಕೆ ಬೇಕಾದ ಜಾಗ ಇಲ್ಲಿನ ದೊಡ್ಡ ತೊಡಕು. ಬ್ಯಾಟರಿ ಹಿಂದಿನ ತೊಟ್ಟಿಗೆ ಬಂದರೆ ಸಾಮಾನು ಹೊರುವ ಜಾಗ ಹೋಗುತ್ತದೆ.

ಕರ್ನಾಟಕದಲ್ಲಿ ಹೀಗೆ ಮಾಡಲು ಅವಕಾಶವಿದೆಯೇ?

ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಹಳೆಯ ಜೀಪುಗಳನ್ನು ಉಳಿಸಿಕೊಂಡಿರುವವರು ಇದನ್ನು ಕೇಳುವುದು ಸಹಜ. ಅಮೆರಿಕದಲ್ಲಿ ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಕ್ಯಾಲಿಫೋರ್ನಿಯಾದಲ್ಲಿ 1975 ಮತ್ತು ಅದಕ್ಕೂ ಹಿಂದಿನ ಮಾದರಿಯ ಪೆಟ್ರೋಲ್ ವಾಹನಗಳಿಗೆ ಹೊಗೆ ತಪಾಸಣೆಯಿಂದ ವಿನಾಯಿತಿ ಇದೆ. ನಮ್ಮಲ್ಲಿ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರ ಮೂಲ ವಿವರಗಳಿಗೆ ವ್ಯತಿರಿಕ್ತವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ; 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. 2021ರ ನಿಯಮಗಳಂತೆ ನೋಂದಣಿಯಾಗಿ 50 ವರ್ಷ ದಾಟಿದ ವಾಹನಕ್ಕೆ ವಿಂಟೇಜ್ ನೋಂದಣಿ ಸಿಗುತ್ತದೆ, ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ. ಆದರೆ ಚಾಸಿ, ಮೈಕಟ್ಟು, ಎಂಜಿನ್ ಮೂಲರೂಪದಲ್ಲಿಯೇ ಇರಬೇಕು, ಮತ್ತು ಆ ನೋಂದಣಿಯಲ್ಲಿ ದಿನಬಳಕೆಗೆ ಓಡಿಸುವಂತಿಲ್ಲ. ಅಂದರೆ ಅಮೆರಿಕದ ಬಗೆಯ ಪೂರ್ಣ ರೆಸ್ಟೊಮಾಡ್ ಇಲ್ಲಿ ವಿಂಟೇಜ್ ಎನಿಸಿಕೊಳ್ಳುವುದಿಲ್ಲ. ಯಾವುದೇ ಭಾಗ ಬಿಚ್ಚುವ ಮುನ್ನ ಆರ್‌ಟಿಒ ಕಚೇರಿಯಲ್ಲಿ ಲಿಖಿತವಾಗಿ ಕೇಳಿ ಉತ್ತರ ಪಡೆದುಕೊಳ್ಳಬೇಕು.

ಮೊದಲ ಓಟ

ಎಲ್ಲ ಮುಗಿದ ಟ್ರಕ್ಕನ್ನು ನೇರವಾಗಿ ಹೆದ್ದಾರಿಗೆ ಒಯ್ಯಬಾರದು. ಖಾಲಿ ರಸ್ತೆಯಲ್ಲಿ 50 ಕಿಲೋಮೀಟರ್ ವೇಗದಿಂದ ಹಲವು ಸಲ ಮೆಲ್ಲಗೆ ಬ್ರೇಕ್ ಹಿಡಿದು, ನಡುನಡುವೆ ಆರಲು ಬಿಟ್ಟು, ಹೊಸ ಪ್ಯಾಡುಗಳನ್ನು ತಟ್ಟೆಗೆ ಹೊಂದಿಸಬೇಕು. ಬಳಿಕ ಗಾಡಿಯ ಕೆಳಗೆ ಒಂದು ಹಳೆಯ ರಟ್ಟು ಹಾಸಿ ರಾತ್ರಿಯಿಡೀ ನಿಲ್ಲಿಸಿದರೆ, ಬೆಳಗ್ಗೆ ರಟ್ಟಿನ ಮೇಲೆ ಬಿದ್ದ ಹನಿಯ ಬಣ್ಣವೇ ಎಲ್ಲಿ ಸೋರಿಕೆ ಇದೆ ಎಂದು ಹೇಳುತ್ತದೆ: ಕಂದು ಬಣ್ಣದ್ದು ಎಂಜಿನ್ ಆಯಿಲ್, ಕೆಂಪು ಆಟೊಮ್ಯಾಟಿಕ್ ಗೇರ್‌ಬಾಕ್ಸಿನದು, ಗಾಲಿಯ ಬಳಿ ಬಿದ್ದ ತಿಳಿಬಣ್ಣದ್ದು ಬ್ರೇಕ್ ಆಯಿಲ್. ಮೊದಲ ನೂರು ಕಿಲೋಮೀಟರ್ ಆದಮೇಲೆ ಗಾಲಿಯ ನಟ್ಟುಗಳನ್ನು, ಸಸ್ಪೆನ್ಷನ್ನಿನ ಪ್ರತಿ ಬೋಲ್ಟನ್ನು ಟಾರ್ಕ್ ರೆಂಚಿನಿಂದ ಮತ್ತೆ ಬಿಗಿದು, ಬಿಗಿದದ್ದಕ್ಕೆ ಬಣ್ಣದ ಗೆರೆ ಎಳೆದು, ಆನಂತರ ವೀಲ್ ಅಲೈನ್‌ಮೆಂಟ್ ಮಾಡಿಸಬೇಕು. ಮುಂದಿನ ಸಲ ಕೆಳಗೆ ಮಲಗಿ ನೋಡಿದಾಗ ಆ ಗೆರೆಗಳು ಎಲ್ಲಿದ್ದವೋ ಅಲ್ಲೇ ಇದ್ದರೆ ಟ್ರಕ್ಕು ದೂರದ ಊರಿಗೆ ಹೊರಡಲು ಸಿದ್ಧವಾಗಿದೆ.